ವಿವೇಕಕ್ಕೆ ಬಿಡಬೇಕೋ, ವಿವೇಚನೆಗೆ ಬಿಡಬೇಕೋ?

ಪ್ರಶ್ನೆ: ಕಚೇರಿಯ ಪತ್ರವೊಂದರಲ್ಲಿ ‘ಈ ವಿಷಯವನ್ನು ತಮ್ಮ ವಿವೇಕಕ್ಕೆ ಬಿಡುತ್ತೇನೆ’ ಎಂದು ಬರೆದಿದ್ದೆ. ಮೇಲಧಿಕಾರಿ ‘ವಿವೇಕ’ವನ್ನು ಹೊಡೆದುಹಾಕಿ ‘ವಿವೇಚನೆ’ ಎಂದು ತಿದ್ದಿದರು. ಎರಡರ ಅರ್ಥವೂ ಒಂದೇ ಅಲ್ವಾ? ತಿದ್ದುವ ಅಗತ್ಯವಿತ್ತೇ?

ಉತ್ತರ: ಇತ್ತು. ನೀವು ಬರೆದದ್ದು ತಪ್ಪು ಕನ್ನಡವೇನಲ್ಲ. ಆದರೆ ಓದುವವರಿಗೆ ಸ್ವಲ್ಪ ಚುಚ್ಚುತ್ತದೆ. ‘ನಿಮ್ಮ ವಿವೇಕಕ್ಕೆ ಬಿಟ್ಟದ್ದು’ ಎಂದಾಗ ‘ವಿವೇಕ ಅನ್ನೋದು ಇದ್ದರೆ ಸರಿಯಾದದ್ದನ್ನೇ ಮಾಡುತ್ತೀರಿ’ ಎಂಬ ಒಳದನಿ ಕೇಳಿಸುತ್ತದೆ. ಜಗಳದ ಕೊನೆಗೆ ಜನ ಹೇಳುವ ಮಾತಿನಂತಿದೆ ಅದು. ‘ವಿವೇಚನೆಗೆ ಬಿಟ್ಟದ್ದು’ ಎಂದರೆ ‘ಹಿಂದುಮುಂದು ನೋಡಿ ನೀವೇ ತೀರ್ಮಾನಿಸಿ’ ಎಂದಷ್ಟೇ ಆಗುತ್ತದೆ.

ಎರಡೂ ಒಂದೇ ಬೇರಿನ ಮಾತುಗಳು. ಸಂಸ್ಕೃತದ ‘ವಿಚ್’ ಧಾತುವಿಗೆ ಬೇರ್ಪಡಿಸು ಎಂದು ಅರ್ಥ. ಬೆರೆತುಹೋದದ್ದನ್ನು ಬಿಡಿಸಿ ನೋಡುವುದೇ ಇಲ್ಲಿನ ಮೂಲ ಕಲ್ಪನೆ. ಹಾಲಿನಿಂದ ನೀರನ್ನು ಬೇರೆ ಮಾಡುವ ಹಂಸದ ಕತೆ ಗೊತ್ತಲ್ಲ? ಅದನ್ನು ‘ನೀರಕ್ಷೀರ ವಿವೇಕ’ ಎನ್ನುವುದು ಇದೇ ಕಾರಣಕ್ಕೆ. ಹಂಸವೂ ಬಿಳಿ, ಕೊಕ್ಕರೆಯೂ ಬಿಳಿ. ಹಾಲು ನೀರು ಬೇರೆ ಮಾಡುವಾಗ ಮಾತ್ರ ಯಾವುದು ಹಂಸ, ಯಾವುದು ಕೊಕ್ಕರೆ ಎಂದು ತಿಳಿಯುತ್ತದೆ ಎನ್ನುತ್ತದೆ ಒಂದು ಹಳೆಯ ಸುಭಾಷಿತ. ವೇದಾಂತಿಗಳು ಹೇಳುವ ‘ನಿತ್ಯಾನಿತ್ಯ ವಿವೇಕ’ವೂ ಅಷ್ಟೇ: ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂದು ಬೇರೆ ಮಾಡಿ ತಿಳಿಯುವುದು.

ಕನ್ನಡದಲ್ಲಿ ಇವೆರಡರ ದಾರಿ ಕವಲೊಡೆದಿದೆ. ವಿವೇಕ ಮನುಷ್ಯನಲ್ಲಿ ಇರುವ ಗುಣ, ವಿವೇಚನೆ ಅವನು ಮಾಡುವ ಕೆಲಸ. ಕ್ರಿಯಾಪದ ಸೇರಿಸಿ ನೋಡಿದರೆ ಗೊತ್ತಾಗುತ್ತದೆ. ‘ಅವಳಿಗೆ ವಿವೇಕ ಇದೆ’ ಎನ್ನುತ್ತೇವೆ, ‘ಅವಳು ವಿವೇಕ ಮಾಡಿದಳು’ ಎನ್ನುವುದಿಲ್ಲ. ವಿವೇಚನೆಯನ್ನಾದರೆ ಮಾಡಬಹುದು, ಬಳಸಬಹುದು; ‘ವಿವೇಚಿಸು’ ಎಂಬ ಕ್ರಿಯಾಪದವೇ ಇದೆ. ವಿವೇಕವುಳ್ಳವರು ವಿವೇಕಿ, ಗಂಡಾದರೂ ಹೆಣ್ಣಾದರೂ ಅದೇ ಮಾತು. ವಿವೇಚನೆಗೆ ಅಷ್ಟು ಚಿಕ್ಕ ರೂಪ ಬಳಕೆಯಲ್ಲಿಲ್ಲ, ‘ವಿವೇಚನಾಶೀಲ’ ಎಂದು ಉದ್ದ ಮಾಡಬೇಕು.

ಆಡಳಿತ ಮತ್ತು ಕಾನೂನಿನ ಕನ್ನಡದಲ್ಲಿ ವಿವೇಚನೆಗೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ: ನಿಯಮ ಕಟ್ಟಿಹಾಕದ ಕಡೆ ಸ್ವಂತವಾಗಿ ತೀರ್ಮಾನಿಸುವ ಸ್ವಾತಂತ್ರ್ಯ. ಸಂವಿಧಾನದ 163ನೇ ವಿಧಿಯ ಮಾತು ಬಂದಾಗ ಪತ್ರಿಕೆಗಳಲ್ಲಿ ‘ರಾಜ್ಯಪಾಲರ ವಿವೇಚನಾಧಿಕಾರ’ ಎಂದು ಓದುತ್ತೀರಿ. ಅಲ್ಲಿ ‘ವಿವೇಕಾಧಿಕಾರ’ ಎಂದು ಯಾರೂ ಬರೆಯುವುದಿಲ್ಲ. ಅಧಿಕಾರವನ್ನು ಕಾನೂನು ಕೊಡಬಹುದು, ವಿವೇಕವನ್ನು ಕೊಡಲಾಗದು. ನಿಮ್ಮ ಪತ್ರವೂ ಈ ಜಾತಿಗೇ ಸೇರಿದ್ದು.

ತಮಾಷೆ ಇರುವುದು ನಿಷೇಧ ರೂಪದಲ್ಲಿ. ‘ವಿವೇಚನೆಯಿಲ್ಲದೆ ಖರ್ಚು ಮಾಡಿದ’ ಎಂದರೆ ಅದು ಟೀಕೆ. ‘ಅವಿವೇಕಿ’ ಎಂದರೆ ಬೈಗುಳ! ಆಡುಮಾತಿನಲ್ಲಿ ‘ವಿವೇಕಿ’ಗಿಂತ ‘ಅವಿವೇಕಿ’ಯೇ ಜಾಸ್ತಿ ಕಿವಿಗೆ ಬೀಳುತ್ತದೆ. ಒಳ್ಳೆಯ ಅರ್ಥ ‘ಬುದ್ಧಿ ವಿವೇಕ ಇದೆಯಾ ನಿನಗೆ’ ಎಂಬಂಥ ಗದರಿಕೆಯಲ್ಲಿ ಜೋಡಿಯಾಗಿ ಉಳಿದುಕೊಂಡಿದೆ. ಆ ಜೋಡಿಯಲ್ಲೂ ಬುದ್ಧಿ ಬೇರೆ, ವಿವೇಕ ಬೇರೆ ಎಂಬುದನ್ನು ಮರೆಯಬಾರದು. ನಾಜೂಕಾಗಿ ಮೋಸ ಮಾಡುವವನನ್ನು ಬುದ್ಧಿವಂತ ಎನ್ನಬಹುದು, ವಿವೇಕಿ ಎನ್ನಲಾಗದು.

ಅತಿಯಾಗಿ ಯೋಚಿಸುತ್ತಾ ಕೂರುವುದಕ್ಕೂ ಕೆಲವರು ವಿವೇಚನೆ ಎಂಬ ಹೆಸರು ಕೊಡುತ್ತಾರೆ. ಅದಕ್ಕೆ ನಮ್ಮಲ್ಲಿ ‘ಮೀನಮೇಷ ಎಣಿಸುವುದು’ ಎಂಬ ಸೊಗಸಾದ ಮಾತೇ ಇದೆ. ವಿವೇಚನೆ ತೀರ್ಮಾನಕ್ಕೆ ಬಂದು ನಿಲ್ಲಬೇಕು.

ಪ್ರಶ್ನೆ: ಹಳೆಯ ಬರಹವೊಂದರಲ್ಲಿ ‘ತಾರತಮ್ಯ ಜ್ಞಾನವಿಲ್ಲದವನು’ ಎಂದು ಒಬ್ಬನನ್ನು ಹಳಿದಿದ್ದಾರೆ. ತಾರತಮ್ಯ ಇಲ್ಲದಿರುವುದು ಒಳ್ಳೆಯದೇ ಅಲ್ವಾ?

ಉತ್ತರ: ಈಗಿನ ಅರ್ಥ ಹಿಡಿದು ಓದಿದ್ದರಿಂದ ಗೊಂದಲವಾಗಿದೆ. ಸಂಸ್ಕೃತದಲ್ಲಿ ಹೋಲಿಸಿ ಹೇಳುವ ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳಿಂದ ಹುಟ್ಟಿದ ಪದ ಇದು. ‘ಗುರುತರ’ ಆರೋಪ ಎನ್ನುತ್ತೇವಲ್ಲ, ಅದರಲ್ಲಿರುವುದು ‘ತರ’. ಶಾಲೆಯ ಗಣಿತದ ಲ.ಸಾ.ಅ. ನೆನಪಿದ್ದರೆ, ಅದರ ‘ಲಘುತಮ’ದಲ್ಲಿರುವುದು ‘ತಮ’. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಏರಿಳಿತವೇ ತಾರತಮ್ಯ. ದ್ವೈತ ಮತದಲ್ಲಿ ದೇವತೆಗಳ ಮತ್ತು ಜೀವರ ಮೇಲುಕೆಳಗಿನ ಕ್ರಮಕ್ಕೂ ಇದೇ ಹೆಸರು. ಹಾಗಾಗಿ ‘ತಾರತಮ್ಯ ಜ್ಞಾನ’ ಎಂದರೆ ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ತಿಳಿಯುವ ಶಕ್ತಿ. ವಿವೇಕಕ್ಕೆ ತೀರಾ ಹತ್ತಿರದ್ದು.

‘ಲಿಂಗ ತಾರತಮ್ಯ’, ‘ಮಕ್ಕಳಲ್ಲಿ ತಾರತಮ್ಯ ಮಾಡಬೇಡಿ’ ಎಂಬ ಬಳಕೆಯಲ್ಲಿ ಪದಕ್ಕೆ ಪಕ್ಷಪಾತದ ಬಣ್ಣ ಹತ್ತಿತು. ಈಗ ಅದೇ ಮೊದಲ ಅರ್ಥ. ಹಳೆಯದನ್ನು ಓದುವಾಗ ಪಕ್ಕದಲ್ಲಿ ‘ಜ್ಞಾನ’ ಇದೆಯೋ, ‘ಮಾಡು’ ಇದೆಯೋ ನೋಡಿ. ನೀವು ಹೊಸದಾಗಿ ಬರೆಯುವಾಗ ಒಳ್ಳೆಯ ಅರ್ಥಕ್ಕೆ ಈ ಪದ ಬೇಡ, ವಿವೇಚನೆ ಎಂದೇ ಬರೆಯಿರಿ.