ಓದುಗರ ಪ್ರಶ್ನೆ: ಹೋದ ಕೂಡಲೇ ಗೋಡೆ ಏಳುತ್ತದೆಯೇ?

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಮೂರು ವರ್ಷ ಸೈಟ್‌ನಲ್ಲಿ ಕೆಲಸ ಮಾಡಿದ್ದೇನೆ. ಈಗ ಸ್ವಯಂಸೇವಕನಾಗಿ ಎರಡು ವರ್ಷ ಹೊರದೇಶದ ಹಳ್ಳಿಯೊಂದಕ್ಕೆ ಹೊರಟಿದ್ದೇನೆ. ಶಾಲೆಗೆ ಮಳೆನೀರಿನ ತೊಟ್ಟಿ, ಶೌಚಾಲಯ ಕಟ್ಟುವ ಕೆಲಸವಂತೆ. ಅಲ್ಲಿ ದಿನ ಹೇಗಿರುತ್ತದೆ? ಕೆಲಸ ಎಷ್ಟು ಬೇಗ ಶುರುವಾಗಬಹುದು?

ಉತ್ತರ: ಬೇಗ ಎನ್ನುವ ಮಾತನ್ನು ಇಲ್ಲೇ ಬಿಟ್ಟು ಹೋಗಿ. ನಾನೂ ಇಂಥದ್ದೇ ಕೆಲಸಕ್ಕೆ ಎರಡು ವರ್ಷ ಹೋಗಿದ್ದೆ. ಮೊದಲ ಕಲ್ಲು ಇಟ್ಟಿದ್ದು ಆರನೇ ತಿಂಗಳಲ್ಲಿ. ಅದೂ ಅವಸರವೇ ಆಯಿತು.

ಬೆಳಗ್ಗೆ ಎದ್ದ ಕೂಡಲೇ ನೀರು. 20 ಲೀಟರಿನ ಎರಡು ಕ್ಯಾನ್ ನಾನೇ ಹೊತ್ತು ತರುತ್ತಿದ್ದೆ. ಮೊದಲ ವಾರ ಅರ್ಧ ದಾರಿಯಲ್ಲೇ ಚೆಲ್ಲುತ್ತಿತ್ತು, ಮಕ್ಕಳಿಗೆ ಒಳ್ಳೆ ತಮಾಷೆ. ಆರರಿಂದ ಹನ್ನೊಂದರವರೆಗೆ ಕೆಲಸ. ಮಧ್ಯಾಹ್ನದ ಬಿಸಿಲಿಗೆ ಗಾರೆ ಬೇಗ ಒಣಗಿ ಬಿರುಕು ಬಿಡುತ್ತದಲ್ವಾ, ಅದಕ್ಕೆ. ಆಮೇಲೆ ಲೆಕ್ಕದ ಪುಸ್ತಕ, ಬಟ್ಟೆ ಒಗೆಯುವುದು, ಸುಮ್ನೆ ಯಾರದೋ ಮನೆ ಮುಂದೆ ಕೂರುವುದು. ಹಾಗೆ ಕೂರುವುದು ಹೊತ್ತು ಹಾಳು ಅಂದುಕೊಂಡಿದ್ದೆ. ಬಾವಿ ಯಾವ ತಿಂಗಳಲ್ಲಿ ತಳ ಕಾಣುತ್ತದೆ ಎಂದು ಅಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ನಮ್ಮ ಮೊದಲ ತೊಟ್ಟಿಯನ್ನು ನಡುಬೇಸಿಗೆಯಲ್ಲಿ ಕಟ್ಟಿದೆವು. ಯೋಜನೆಯ ಕಾಗದದಲ್ಲಿ ಹಾಗೇ ಇತ್ತು. ಸಿಮೆಂಟ್ ಬಿರುಕು ಬಿಡದೆ ಗಟ್ಟಿಯಾಗಲು ಕನಿಷ್ಠ 7 ದಿನ ನೀರು ಹಾಕಬೇಕು, ಇದು ನಿಮಗೂ ಗೊತ್ತು. ಆದರೆ ಹೆಂಗಸರು ಒಂದು ಗಂಟೆ ನಡೆದು ಕುಡಿಯುವ ನೀರು ತರುತ್ತಿದ್ದ ಕಾಲ ಅದು. ಅಂಥವರ ಹತ್ತಿರ ಆ ನೀರನ್ನು ಗೋಡೆಗೆ ಸುರಿಯಿರಿ ಎಂದೆ. ಎರಡು ದಿನ ತಂದು ಸುರಿದರು. ಮೂರನೇ ದಿನ ಯಾರೂ ಬರಲಿಲ್ಲ. ಬೈಯುವ ಮುಖವೂ ನನಗಿರಲಿಲ್ಲ. ಮಳೆ ಬಂದು ತೊಟ್ಟಿ ತುಂಬಿದಾಗ ಬುಡದಲ್ಲಿ ಸೋರಿತು.

ಎರಡನೆಯದನ್ನು ಮಳೆ ನಿಂತ ಕೂಡಲೇ ಶುರು ಮಾಡಿದೆವು. ನೀರಿತ್ತು, ಆಳು ಇರಲಿಲ್ಲ, ಎಲ್ಲರೂ ಕೊಯ್ಲಿಗೆ ಹೋಗಿದ್ದರು. ವಾರಕ್ಕೆ ಮೂರೇ ದಿನ ಕೆಲಸ. ಗೋಣಿಚೀಲ ನೆನೆಸಿ ಗೋಡೆಗೆ ಸುತ್ತಿದ್ದರಿಂದ ನೀರು ಕಮ್ಮಿ ಸಾಕಾಯಿತು. ಅದು ಸೋರಲಿಲ್ಲ. ಹಾಗಾಗಿ ಊರಿನ ನೀರಿನ ಕಾಲ, ಕೊಯ್ಲಿನ ಕಾಲ ಎರಡನ್ನೂ ಕೇಳಿಕೊಂಡು ಆಮೇಲೆ ತಾರೀಕು ಬರೆಯಿರಿ.

ತೊಟ್ಟಿಯ ಅಳತೆ ಕಷ್ಟವಲ್ಲ. ಒಂದು ಚದರ ಮೀಟರ್ ಚಾವಣಿ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಸ್ವಲ್ಪ ಪೋಲಾಗುತ್ತದೆ, ಅದನ್ನು ಕಳೆಯಿರಿ. ಶೌಚಾಲಯದ ಗುಂಡಿ ಬಾವಿಯಿಂದ ಕಡಿಮೆಯೆಂದರೂ 30 ಮೀಟರ್ ದೂರ ಇರಲಿ. ಬಾಗಿಲು ಯಾವ ಕಡೆಗೆ ಎಂದು ಹುಡುಗಿಯರನ್ನೇ ಕೇಳಿ. ನಾನು ಆಟದ ಬಯಲಿನ ಕಡೆಗೆ ಗುರುತು ಹಾಕಿದ್ದೆ. ಅವರು ನಕ್ಕು, ಅಳಿಸಿ, ಹಿಂದುಗಡೆಗೆ ಹಾಕಿದರು.

ಇನ್ನೊಂದು ಮಾತು. ಕರಣೆ ನಿಮ್ಮ ಕೈಗೆ ಬೇಡ. ನೀವು ಪುಕ್ಕಟೆ ಗೋಡೆ ಕಟ್ಟಿದರೆ ಆ ಊರಿನ ಮೇಸ್ತ್ರಿಯ ಕೂಲಿ ಹೋಗುತ್ತದೆ. ಭಾಷೆಯಲ್ಲಿ ಮೊದಲು ಅಂಕಿಗಳನ್ನು ಕಲಿಯಿರಿ, ಅಳತೆ ತಪ್ಪಿದರೆ ಜಾಸ್ತಿ ನಷ್ಟ. ಮೂರು ನಾಲ್ಕನೇ ತಿಂಗಳು ಒಂಟಿತನ ನನ್ನನ್ನು ಬಹಳ ಕಾಡಿತು. ವಾಪಸ್ ಟಿಕೆಟ್ ನೋಡುತ್ತಾ ಕೂತ ರಾತ್ರಿಗಳಿವೆ.

ಪೆಟ್ಟಿಗೆಯಲ್ಲಿ ಹತ್ತು ಮೀಟರ್ ಲೆವೆಲ್ ಪೈಪ್, ಅಂದರೆ ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪ್, ಇಟ್ಟುಕೊಳ್ಳಿ. ಅದಕ್ಕೆ ಬ್ಯಾಟರಿ ಬೇಡ, ಎರಡು ಲೋಟ ನೀರು ಸಾಕು.