ಡೆಟಾಲ್‌ನಲ್ಲಿ ಅದ್ದಿದ ಹಚ್ಚೆ ಸೂಜಿ

ನಿನ್ನೆ ಜಾತ್ರೆಯಲ್ಲಿ ನಿಮ್ಮ ತಮ್ಮ ಹಚ್ಚೆ ಹಾಕಿಸಿಕೊಂಡ, ಇನ್ನೊಬ್ಬರಿಗೆ ಚುಚ್ಚಿದ ಸೂಜಿಯನ್ನೇ ಡೆಟಾಲ್‌ನಲ್ಲಿ ಅದ್ದಿ ಅವನಿಗೂ ಚುಚ್ಚಿದರು, ಏನಾದ್ರೂ ಆಗುತ್ತಾ ಅಂತ ಕೇಳಿದ್ದೀರಿ. ಸೋಂಕು ತಗಲೇಬೇಕು ಅಂತೇನಿಲ್ಲ. ಆದರೆ ಸುಮ್ನೆ ಬಿಡುವ ವಿಷಯವೂ ಅಲ್ಲ.

ಮಷಿನ್‌ಗೆ ಹಾಕುವುದು ಹೆಚ್ಚಾಗಿ ಒಂಟಿ ಸೂಜಿಯಲ್ಲ, ಹಲವು ಸಣ್ಣ ಸೂಜಿಗಳನ್ನು ಒತ್ತಾಗಿ ಬೆಸೆದ ಗೊಂಚಲು. ಆ ಸಂದಿಗೆ ಸೇರಿದ ರಕ್ತ, ಇಂಕು ಅದ್ದಿ ಒರೆಸಿದ ಮಾತ್ರಕ್ಕೆ ಹೋಗಲ್ಲ. ಲಿವರ್‌ಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಇನ್ನು ಇಂಕಿನ ಬಟ್ಟಲು. ಎಲ್ಲರಿಗೂ ಅದೊಂದೇ ಆಗಿದ್ದರೆ, ಹೊಸ ಸೂಜಿ ಹಾಕಿದ್ದರೂ ಪ್ರಯೋಜನ ಇರುತ್ತಿರಲಿಲ್ಲ. ಇದನ್ನು ಯಾರೂ ಗಮನಿಸೋದೇ ಇಲ್ಲ!

ಇವತ್ತೇ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಡೆದದ್ದನ್ನು ಹಾಗೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂತ ಡಾಕ್ಟರಿಗೆ ಅನ್ನಿಸಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಗೋಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದೂ ಆದಷ್ಟು ಬೇಗ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಈಗಿನ ಮಾತ್ರೆಗಳಿಂದ ಬಹುತೇಕರಿಗೆ ಗುಣವಾಗುತ್ತದೆ. ಈಗ ರಕ್ತಪರೀಕ್ಷೆ ಸರಿ ಬಂತು ಅಂತ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಾಗ ಮತ್ತೆ ಮಾಡಿಸಿ. ಸೋಂಕು ತಕ್ಷಣ ಪರೀಕ್ಷೆಯಲ್ಲಿ ಕಾಣಲ್ಲ.

ಅವನಿಗೆ ಈಗ ಬೈಬೇಡಿ, ಹೆದರಿದರೆ ಆಸ್ಪತ್ರೆಗೇ ಬರಲ್ಲ. ಮತ್ತೆ, ಒಂದು ವರ್ಷ ರಕ್ತದಾನ ಮಾಡುವ ಹಾಗಿಲ್ಲ.