ಮಗ ಮಾತು ಬಿಟ್ಟಾಗ

ನಿಮ್ಮ ಪತ್ರದಲ್ಲಿ ಮಗನ ಮೇಲಿನ ದೂರು ಕಡಿಮೆ, ನಿಮ್ಮನ್ನೇ ನೀವು ಬೈದುಕೊಂಡದ್ದು ಜಾಸ್ತಿ. 32 ವರ್ಷದ ಮಗ ನಿಮ್ಮ ಫೋನ್ ಎತ್ತುವುದಿಲ್ಲ. ಎತ್ತಿದ ದಿನ ಹಳೆಯದನ್ನೆಲ್ಲ ಕೆದಕಿ, ‘ನನ್ನ ಮಾತು ಯಾವತ್ತಮ್ಮ ಕೇಳಿದ್ದೀಯಾ?’ ಎಂದು ಸಿಡುಕಿ ಇಟ್ಟುಬಿಡುತ್ತಾನೆ. ರಾತ್ರಿ ಅವನಿಗೆ ಉದ್ದದ ಮೆಸೇಜ್ ಬರೆದು, ಅಳಿಸಿ, ಕೊನೆಗೆ ‘ಊಟ ಆಯ್ತಾ?’ ಎಂದಷ್ಟೇ ಕಳಿಸುತ್ತೀರಿ. ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಅವನು ಮೊದಲಿನ ಹಾಗಾಗಲು ಏನು ಮಾಡಲಿ ಎಂದು ಕೇಳಿದ್ದೀರಿ.

ಎದೆಯುದ್ದ ಬೆಳೆದ ಮಗನನ್ನು ಬದಲಾಯಿಸುವ ಉಪಾಯ ನನಗಂತೂ ಗೊತ್ತಿಲ್ಲ. ಆದರೆ ಪತ್ರದ ಕೊನೆಗೆ ‘ನಿದ್ದೆ ಬರುತ್ತಿಲ್ಲ’ ಎಂದು ಬರೆದಿದ್ದೀರಲ್ಲ, ಅದಕ್ಕೆ ಉತ್ತರ ಬರೆಯುತ್ತೇನೆ. ಅವನು ಮಾತಾಡುವವರೆಗೂ ನಿಮ್ಮ ನಿದ್ದೆ ಕಾಯಬೇಕಿಲ್ಲ.

ಸಾವಿಗೆ ಅತ್ತರೆ ನಾಲ್ಕು ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ಬದುಕಿರುವ ಮಗನಿಗಾಗಿ ಅತ್ತರೆ ‘ಎಲ್ಲ ಸರಿಹೋಗುತ್ತೆ ಬಿಡಿ’ ಎನ್ನುತ್ತಾರೆ, ಇಲ್ಲವೇ ನೀವೇ ಮುದ್ದು ಮಾಡಿ ಕೆಡಿಸಿದಿರಿ ಎನ್ನುತ್ತಾರೆ. (ಹೀಗೆ ಹೇಳುವವರಿಗೆ ಕಥೆ ಪೂರ್ತಿ ಹೇಳುವುದನ್ನು ಇವತ್ತೇ ನಿಲ್ಲಿಸಿ.) ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಮಾತಾಡಿಸಿ ಅಧ್ಯಯನ ಮಾಡಿದರು. ಇದ್ದಾರೋ ಇಲ್ಲವೋ ತಿಳಿಯದಿದ್ದಾಗ ದುಃಖ ಮುಂದಕ್ಕೂ ಹೋಗದೆ, ಮುಗಿಯದೆ ಅಲ್ಲೇ ನಿಂತುಬಿಡುತ್ತದೆ ಎಂಬುದು ಅವರು ಕಂಡದ್ದು. ಮುನಿಸಿಕೊಂಡು ದೂರವಾದ ಮಕ್ಕಳ ತಂದೆತಾಯಿಯದೂ ಇದೇ ಪಾಡು. ನಿಮಗೆ ಇಷ್ಟೊಂದು ಸುಸ್ತಾಗುವುದು ಅದಕ್ಕೇ.

1971ರಲ್ಲಿ ಬೆಂಗ್ಟ್‌ಸನ್ ಮತ್ತು ಕೈಪರ್ಸ್ ಎಂಬ ಸಂಶೋಧಕರು ಇನ್ನೊಂದು ವಿಷಯ ಹೇಳಿದ್ದರು. ಒಂದೇ ಸಂಬಂಧವನ್ನು ಹೆತ್ತವರು ಹತ್ತಿರದ್ದು ಎಂದುಕೊಳ್ಳುತ್ತಾರೆ, ಬೆಳೆದ ಮಕ್ಕಳಿಗೆ ಅಂತರವೇ ಎದ್ದು ಕಾಣುತ್ತದೆ. ನಿಮಗಾದಷ್ಟು ನೋವು ಅವನಿಗೆ ಆಗಿಲ್ಲ ಅಂದರೆ ಅವನದು ಕಲ್ಲುಮನಸ್ಸು ಅಂತಲೇ ಆಗಬೇಕಿಲ್ಲ, ಅಲ್ವಾ?

ಅವನ ಆರೋಪದಲ್ಲಿ ಒಂದಿಷ್ಟು ನಿಜ ಇದ್ದರೂ ಇರಬಹುದು. ಮುಂದಿನ ಸಲ ಸಮಜಾಯಿಷಿ ಕೊಡಲು ಹೋಗಬೇಡಿ. ‘ಯಾವಾಗ ಹಾಗನ್ನಿಸಿತು, ಹೇಳಪ್ಪಾ’ ಎಂದು ಕೇಳಿ ಸುಮ್ಮನಿರಿ. ತಪ್ಪು ಎನಿಸಿದರೆ ಒಂದು ಸಲ ಕ್ಷಮೆ ಕೇಳಿ. ದಿನಾ ಕೇಳಿದರೆ ಅವನಿಗೂ ಉಸಿರು ಕಟ್ಟುತ್ತದೆ. ಕೂಗಾಡಲು ಶುರು ಮಾಡಿದರೆ ಮಾತ್ರ ‘ಈಗ ಇಡ್ತೀನಿ, ಆಮೇಲೆ ಮಾತಾಡೋಣ’ ಎಂದು ಫೋನ್ ಇಡಿ. ಹಾಗೆ ಇಡುವ ಹಕ್ಕು ತಾಯಿಗೂ ಇದೆ.

ರಾತ್ರಿ ಮೆಸೇಜ್ ಬೇಡ. ಆ ಉದ್ದದ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ವಾರಕ್ಕೊಮ್ಮೆ, ಹಗಲಲ್ಲಿ, ಉತ್ತರ ಬೇಡದ ಒಂದು ಸಾಲು ಕಳಿಸಿದರೆ ಸಾಕು. ಮಗಳನ್ನು ರಾಯಭಾರಕ್ಕೆ ಕಳಿಸಬೇಡಿ. ಅವಳ ಜೊತೆಗಿನ ಸಲುಗೆಯೂ ಕೆಡುತ್ತದೆ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ.

ಹುಟ್ಟುಹಬ್ಬಕ್ಕೆ ಏನಾದರೂ ಕಳಿಸಲೇ ಎಂದೂ ಕೇಳಿದ್ದೀರಿ. ಕಳಿಸಿ. ತಲುಪಿತಾ ಎಂದು ಮಾತ್ರ ವಿಚಾರಿಸಬೇಡಿ.

– ಸಂಪಾದಕರು